ನೀಲಿ ವೈರು

ನಾನು ದೆವ್ವ-ಗಿವ್ವ ನಂಬುವವನಲ್ಲ. ಆದರೆ ಕಳೆದ ಫೆಬ್ರವರಿಯಲ್ಲಿ ಕೆನಡಾದ ಎರಿನ್ ಮಿಲ್ಸ್‌ನ ಒಂದು ಬೇಸ್‌ಮೆಂಟಿನಲ್ಲಿ, ಹಾಡಹಗಲೇ, ನನ್ನ ಬೆರಳು ಸುಟ್ಟಿದ್ದಂತೂ ನಿಜ.

ಗೆಳೆಯ ಹರ್ಷವರ್ಧನ್ ತೀರಿಕೊಂಡ ಮೇಲೆ, ಅವನ ಹಳೇ ವರ್ಕ್‌ಸ್ಟೇಷನ್ ಕಂಪ್ಯೂಟರನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಅವನ ಹೆಂಡತಿ ರಾಜಲಕ್ಷ್ಮಿ ನನ್ನನ್ನು ಕರೆಸಿದ್ದರು. ಅದರ ಮದರ್‌ಬೋರ್ಡ್ ಮೊದಲನೇ ರಿವಿಷನ್ನೋ ಎರಡನೆಯದೋ ಅಂತ ನನಗೂ ಹರ್ಷನಿಗೂ ವರ್ಷಗಟ್ಟಲೆ ಜಗಳ. ಮೊದಲನೆಯದರಲ್ಲಿ ಒಂದು ದೋಷವಿತ್ತು. ಅದನ್ನು ಸರಿಮಾಡಲು ಫ್ಯಾಕ್ಟರಿಯಲ್ಲೇ ಬೋರ್ಡಿನ ಹಿಂಬದಿಗೊಂದು ನೀಲಿ ವೈರು ಬೆಸೆಯುತ್ತಿದ್ದರು. ಎರಡನೆಯದಕ್ಕೆ ವೈರು ಬೇಕಿರಲಿಲ್ಲ. ಬಿಚ್ಚಿ ನೋಡೋಣವೆಂದರೆ ಹರ್ಷ ಬಿಡುತ್ತಿರಲಿಲ್ಲ. ಬೆಸುಗೆಯ ಹೊಗೆ ಗಂಟಲು ಕೆರೆಯದಿರಲೆಂದು ಸದಾ ಬಾಯಲ್ಲಿಟ್ಟುಕೊಂಡಿರುತ್ತಿದ್ದ ಲವಂಗವನ್ನು ದವಡೆಗೆ ತಳ್ಳಿ, “ಫಸ್ಟೇ ಕಣೋ,” ಅನ್ನುತ್ತಿದ್ದ.

ಈಗ ಬಿಚ್ಚಿ ತಿರುಗಿಸಿದೆ. ವೈರು ಇರಲಿಲ್ಲ. ಫೋಟೋ ತೆಗೆದೆ.

“ಅತ್ತಿಗೆ, ಇದು ಸೆಕೆಂಡ್ ರಿವಿಷನ್ನೇ. ಹರ್ಷ ಸೋತ.”

ಅವರು ನಗಲಿಲ್ಲ. ಕಾಫಿ ತರಲು ಮೇಲೆ ಹೋದರು.

ಹೀಟಿಂಗ್ ಓಡುತ್ತಿದ್ದರೂ ನನ್ನ ಕತ್ತಿನ ಹಿಂದೆ ಮಾತ್ರ ತಣ್ಣಗೆ ಕೊರೆಯತೊಡಗಿತು. ಬೋರ್ಡನ್ನು ಕವರಿಗೆ ಹಾಕಲು ಎತ್ತಿದೆ, ಬೆರಳು ಚುರ್ರೆಂದಿತು. ತಿರುಗಿಸಿದರೆ ನೀಲಿ ವೈರು. ಬೆಸುಗೆ ಇನ್ನೂ ಬಿಸಿಯಿತ್ತು. ಬೆಸೆಯುವ ಸೋಲ್ಡರಿಂಗ್ ಐರನ್ ಮಾತ್ರ ಶೆಲ್ಫಿನಲ್ಲಿ ಧೂಳು ಹಿಡಿದು ಕೂತಿತ್ತು. ಫೋನ್ ತೆಗೆದು ಫೋಟೋ ನೋಡಿದೆ. ಅದರಲ್ಲಿ ವೈರು ಇಲ್ಲ.

ಅಷ್ಟರಲ್ಲಿ ಕಾಫಿ ಹಿಡಿದು ಇಳಿಯುತ್ತಿದ್ದ ರಾಜಲಕ್ಷ್ಮಿ ಮೂಗರಳಿಸಿ ಮೆಟ್ಟಿಲ ಮೇಲೇ ನಿಂತುಬಿಟ್ಟರು.

“ಲವಂಗ ಹಾಕ್ಕೊಂಡಿದ್ದೀರಾ ನೀವು?”

ನಾನು ಖಾಲಿ ಬಾಯಿ ತೆರೆದು ತೋರಿಸಿದೆ.