ಕೈ ಬಿಟ್ಟ ಗೋಲ್‌ಕೀಪರ್

"ಚುಚ್ಚಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೇನಿ, ಚುಚ್ಚಬ್ಯಾಡ್ರಿ!"

ಮೊದಲು ಗೋಡೆಯ ಮೇಲಿಂದ ಕೂಗು ಬಂತು. ಕೂಗಿನ ಹಿಂದೆಯೇ ಉದ್ದನೆಯ ತರುಣನೊಬ್ಬ ಅಂಗಳಕ್ಕೆ ಧುಮುಕಿದ.

ದ್ರೌಪತಿಯ ಒಂದು ಕೈಯಲ್ಲಿ ದಬ್ಬಣ, ಇನ್ನೊಂದು ಕೈಯಲ್ಲಿ ಚೆಂಡು. ಮುಖದ ತುಂಬ, ಸೀರೆಯ ತುಂಬ ಕಪ್ಪು ಬಣ್ಣ! ನವಾಬರ ಕುದುರೆಯ ಜೀನಿಗೆಂದು ಕಲೆಸಿಟ್ಟಿದ್ದ ಬಣ್ಣದ ಬಾನಿಗೆ ಆ ಚೆಂಡು ಕೋಟೆಯ ಬಯಲಿನಿಂದ ಹಾರಿ ಬಂದು ಬಿದ್ದಿತ್ತು.

ಈಗಿನ ಬಸವಕಲ್ಯಾಣಕ್ಕೆ ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿ ಜೀನು ಹೊಲಿಯುವ ಜೀನಗಾರ ದತ್ತಾತ್ರಿ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಅಂಥವನ ಮಗಳ ಮೇಲೆ ಹಾಡಹಗಲೇ ಬಣ್ಣ ಎರಚುವುದೆಂದರೆ!

"ಯಾಕ ಚುಚ್ಚಬಾರ್ದು? ನನ್ನ ಮಾರಿ ನೋಡ್ರಿ!"

ಅವನು ನೋಡಿದ. ನೋಡುತ್ತಲೇ ನಿಂತ. ನೋಡು ಎಂದವಳು ಅವಳೇ, ಆದರೆ ಇಷ್ಟು ಹೊತ್ತು ನೋಡು ಎಂದಿರಲಿಲ್ಲ.

"ನೋಡ್ದೆ ರೀ..." ಎಂದ ಮೆಲ್ಲಗೆ. "ಆದ್ರೂ ಚುಚ್ಚಬ್ಯಾಡ್ರಿ. ಇಡೀ ಊರಿಗೆ ಇದೊಂದೇ ಚೆಂಡು ಅದ."

ಅವನ ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಸಿಟ್ಟಿನ ನಡುವೆಯೂ ಅವಳ ಕಣ್ಣು ಅಲ್ಲಿಗೇ ಹೋಯಿತು.

"ಮೈಯೆಲ್ಲಾ ಯಾಕ ಹಿಂಗ ಮಾಡ್ಕೊಂಡೀರಿ?"

"ನಾ ಗೋಲ್‌ಕೀಪರ್ ರೀ. ಎಲ್ಲಾರೂ ಒದೀತಾರ, ನಾ ಹಾರಿ ಹಿಡೀತೇನಿ."

"ಹಿಡೀತೇನಿ ಅಂತೀರಿ, ಮತ್ತ ಇದು ನಮ್ಮ ಬಾನ್ಯಾಗ ಹ್ಯಾಂಗ ಬಂತು?"

ಪಾಪ, ಅವನು ಗೋಡೆಯನ್ನೊಮ್ಮೆ, ಬಾನಿಯನ್ನೊಮ್ಮೆ ನೋಡಿದ. ದ್ರೌಪತಿಗೆ ನಗು ತಡೆಯಲಾಗಲಿಲ್ಲ. ಚೆಂಡಿನ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಚುಚ್ಚಲೆಂದು ಎತ್ತಿದ ದಬ್ಬಣದಿಂದಲೇ ಅವಳು ಅದನ್ನು ಹೊಲಿದು ಕೊಟ್ಟಳು.

ಅವನ ಹೆಸರು ಮಚ್ಚೇಂದ್ರ. ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನ ಒಕ್ಕಲು ಮನೆತನದವನು, ಕಲ್ಯಾಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದ. ಅಜ್ಜನ ಕಾಲದವರೆಗೆ ಅವರ ಮನೆಯವರೂ ಜೀನು ಹೊಲಿದವರೇ. ಹಾಗಾಗಿ ಜಾತಿಯ ತಕರಾರು ಏಳುವಂತಿರಲಿಲ್ಲ. ತಕರಾರು ಎದ್ದದ್ದು ಚೆಂಡಿನಿಂದ.

ಆಮೇಲೆ ಆ ಚೆಂಡಿನ ಹೊಲಿಗೆ ಪದೇ ಪದೇ ಬಿಚ್ಚತೊಡಗಿತು. ದ್ರೌಪತಿಯಂಥ ಕುಶಲೆ ಹೊಲಿದದ್ದು ಹಾಗೆ ಹೇಗೆ ಬಿಚ್ಚುತ್ತಿತ್ತೋ ದೇವರೇ ಬಲ್ಲ! ಪ್ರತಿ ಸಲವೂ ಮಚ್ಚೇಂದ್ರ ಅದನ್ನು ಹಿಡಿದು ಬರುತ್ತಿದ್ದ, ಅವಳು ಬೈಯುತ್ತ ಹೊಲಿಯುತ್ತಿದ್ದಳು. ಹಾಗೆ ಹೊಲಿಯುತ್ತ, ಬೈಯುತ್ತ, ಇಬ್ಬರಿಗೂ ಪ್ರೀತಿಯಾಯಿತು.

ಒಂದು ದಿನ ಹೈದರಾಬಾದಿನ ಗಿರಣಿಯ ಸಾಹೇಬರೊಬ್ಬರು ಕೋಟೆಯ ಬಯಲಿನಲ್ಲಿ ಅವನ ಆಟ ನೋಡಿದರು. ತಮ್ಮ ಗಿರಣಿ ತಂಡಕ್ಕೆ ಬಾ, ಪಗಾರ ಕೊಡುತ್ತೇವೆ ಎಂದರು.

"ಚೆಂಡು ಹಿಡಿಯಾಕ ಪಗಾರ?" ದತ್ತಾತ್ರಿ ನಕ್ಕುಬಿಟ್ಟ. "ನಾಳಿ ಗಾಳಿ ಹಿಡಿಯಾಕೂ ಕೊಡ್ತಾರೇನು?"

ಹೊರಡುವ ದಿನ ಮಚ್ಚೇಂದ್ರ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದ, "ಈ ಹಂಗಾಮು ಮುಗೀಲಿ ದ್ರೌಪತಿ. ಬಂದು ನಿಮ್ಮಪ್ಪನ್ನ ಕೇಳ್ತೇನಿ."

ಆ ಹಂಗಾಮು ಮುಗಿಯಿತು. ಅವನ ಹೆಸರು ಉರ್ದು ಪತ್ರಿಕೆಯಲ್ಲಿ ಬಂತು. ದಂಡಿನವರ ತಂಡದ ಎದುರು ಒಂದೂ ಗೋಲು ಬಿಡದೆ ನಿಂತನಂತೆ, ಪರದೇಶದ ಉಸ್ತಾದರೊಬ್ಬರು ಅವನ ಆಟ ತಿದ್ದುತ್ತಿದ್ದಾರಂತೆ... ಎಲ್ಲ ಬಂತು. ಹೆಣ್ಣು ಕೇಳಲು ಮಾತ್ರ ಅವನು ಬರಲಿಲ್ಲ. ಹಬ್ಬಕ್ಕೆ ಬಂದಾಗಲೂ ದತ್ತಾತ್ರಿಯ ಎದುರು ಕೂತು ಚಹಾ ಕುಡಿದು, ಬೆವರಿ, ಎದ್ದು ಹೋದ. "ಇನ್ನೊಂದು ಹಂಗಾಮು," ಎಂದ ಹಿತ್ತಲಲ್ಲಿ.

ದ್ರೌಪತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜೀನಿಗೆ ಹೊಲಿಗೆ ಹಾಕಲು ಕೂತರೆ ಬೆರಳಿಗೇ ಚುಚ್ಚಿಕೊಳ್ಳುವಳು. ಹೈದರಾಬಾದಿನ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಉಪ್ಪು ತೀರುತ್ತಿತ್ತು, ಎಣ್ಣೆ ತೀರುತ್ತಿತ್ತು. ಬಸ್ ನಿಲ್ದಾಣದ ದಾರಿಯಲ್ಲೇ ಅಂಗಡಿ ಇದ್ದದ್ದು ಒಂದು ಅನುಕೂಲ!

'ಇವತ್ತು ಬರಬಹುದು... ಇಲ್ಲ, ಇವತ್ತೂ ಇಲ್ಲ. ಅಷ್ಟು ಜನರ ಒದೆತಕ್ಕೆ ಹೆದರದವನು ನನ್ನಪ್ಪನಿಗೆ ಹೆದರುತ್ತಾನೆಯೇ? ಅಥವಾ ನಾನೇ ಬೇಡವಾದೆನೇ?'

ಅಷ್ಟರಲ್ಲಿ ಹುಮನಾಬಾದಿನ ಅತ್ತೆ ಯಶೋದಾಬಾಯಿ ಒಂದು ಸಂಬಂಧ ತಂದಳು. ವರ ಸೂರ್ಯಕಾಂತ, ಅಲ್ಲಿಯ ಅರಿವೆ ಅಂಗಡಿಯವನು, ಒಳ್ಳೆಯ ಮಾತಿನವನು. ಅವನ ಮನೆಯವರು ಬಂದು ಹುಡುಗಿಯನ್ನು ನೋಡಿ, ಒಪ್ಪಿಯೂ ಹೋದರು. ದತ್ತಾತ್ರಿ ಮಗಳ ಮುಖ ನೋಡಿ ಕೇಳಿದ, "ಏನಂತಿ?"

"ನಾಕ್ ದಿನ ಬಿಡ್ರಿ ಅಪ್ಪಾ... ಹೇಳ್ತೇನಿ."

ಮರುದಿನವೇ ಅವಳು ಬಸ್ ನಿಲ್ದಾಣಕ್ಕೆ ಓಡಿದಳು. ಹೈದರಾಬಾದ್ ಬಸ್ಸಿನ ಡ್ರೈವರ್ ಅಲ್ಲಾಬಕ್ಷ ಆಟದ ಹುಚ್ಚಿನವನು, ಮಚ್ಚೇಂದ್ರನ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ.

"ಚಾಚಾ, ಅವರಿಗೊಂದು ಮಾತು ಹೇಳ್ರಿ. ಅವರ ಕಪ್ ಪಂದ್ಯ ಮುಗಿದ ಮ್ಯಾಲ ಹೇಳ್ರಿ. ಹುಮನಾಬಾದದವರು ನನ್ನ ನೋಡಿ ಹೋಗ್ಯಾರ. ಅವರು ಬಂದು ಅಪ್ಪನ್ನ ಕೇಳ್ತಾರೋ ಇಲ್ಲೋ... ಒಂದೇ ಮಾತು ಕೇಳ್ಕೊಂಡು ಬರ್ರಿ."

"ಆತವ್ವಾ, ಫಿಕರ್ ಮಾಡಬ್ಯಾಡ!"

ಫಿಕರ್ ಮಾಡದೆ ಇರುವುದು ಹೇಗೆ? ಒಲೆಯ ಮೇಲೆ ಹಾಲು ಉಕ್ಕಿದರೂ ಅವಳಿಗೆ ಗೊತ್ತಾಗಲಿಲ್ಲ. ಕೊನೆಗೂ ಬಸ್ಸು ಬಂದ ದಿನ ಅವಳು ತಲುಪುವಷ್ಟರಲ್ಲಿ ಅದು ಮತ್ತೆ ಹೊರಟಾಗಿತ್ತು. ಪಕ್ಕದಲ್ಲೇ ಓಡುತ್ತ ಕೂಗಿದಳು.

"ಚಾಚಾ! ಏನಂದ್ರು ಮಚ್ಚೇಂದ್ರ?"

ಅಲ್ಲಾಬಕ್ಷ ಕಿಟಕಿಯಿಂದ ತಲೆ ಹೊರಹಾಕಿದ. ಅವನ ಮುಖ ಬಾಡಿತ್ತು.

"ಏನ್ ಹೇಳ್ಲೆವ್ವಾ! ಕೈ ಬಿಟ್ಟ! ಕಡೀ ಗಳಿಗ್ಯಾಗ ಕೈ ಬಿಟ್ಟ! ಅಷ್ಟು ಮಂದಿ ಮುಂದ... ಎಲ್ಲಾರೂ ನಗಾಕತ್ತಾರ!"

ಉಳಿದದ್ದೆಲ್ಲ ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು.

ದ್ರೌಪತಿ ಧೂಳಿನಲ್ಲಿ ನಿಂತೇ ಇದ್ದಳು. 'ಕೈ ಬಿಟ್ಟ... ನನ್ನನ್ನು ಕೈ ಬಿಟ್ಟ! ಅದೂ ಜನರ ಮುಂದೆ ಹೇಳಿಕೊಂಡು, ನಗಿಸಿಕೊಂಡು!' ಕಣ್ಣೀರು ಬಂತು. ಸೆರಗಿನಿಂದ ಎಷ್ಟು ಗಸಗಸ ಒರೆಸಿಕೊಂಡಳೆಂದರೆ ಕೆನ್ನೆ ಉರಿಯಿತು.

ಮನೆಗೆ ಹೋಗಿ ಅಪ್ಪನಿಗೆ ಹೇಳಿದಳು, "ಹುಮನಾಬಾದಕ್ಕ ಹೂಂ ಅಂತ ಹೇಳಿ ಕಳಸ್ರಿ."

ಮುಂದಿನ ವಾರ ಸಾಕ್ರಪುಡಾ ಎಂದಾಯಿತು. ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುವ ಶಾಸ್ತ್ರ ಅದು. ಯಶೋದಾಬಾಯಿಯ ಮನೆಯಲ್ಲೇ ಮಾಡುವುದೆಂದು ಅಪ್ಪ, ಮಗಳು ಹುಮನಾಬಾದಿಗೆ ಹೊರಟರು. ಸಿಕ್ಕದ್ದು ಅಲ್ಲಾಬಕ್ಷನ ಬಸ್ಸೇ! ದ್ರೌಪತಿ ಅವನತ್ತ ತಿರುಗಿಯೂ ನೋಡದೆ, ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ದತ್ತಾತ್ರಿ ಹಿಂದೆ ಕೂತು ತೂಕಡಿಸತೊಡಗಿದ.

"ಆಟ ಏನಾತೋ ಅಲ್ಲಾಬಕ್ಷ?" ಯಾರೋ ಕೇಳಿದರು. ಅಷ್ಟು ಸಾಕಾಯಿತು.

"ಅದನ್ನ ಕೇಳಬ್ಯಾಡ್ರಿ! ಎರಡೂ ಕಡಿ ಸಮಾ ಸಮಾ ಇತ್ತು. ಕಡೀಕ ಎತ್ತರಕ ಒಂದು ಚೆಂಡು ಬಂತು. ನಮ್ಮ ಮಚ್ಚೇಂದ್ರ ಗೆರಿ ಬಿಟ್ಟು ಮುಂದ ಬಂದ. ಬಂದವ ಪೂರಾ ಬರಬೇಕಲ್ಲ, ನಡೂಕ ನಿಂತ! ಆಮ್ಯಾಲ ಹಾರಿದ. ಕೈಗೆ ಬಂದ ಚೆಂಡು ಕೈ ಬಿಟ್ಟ!"

ದ್ರೌಪತಿ ಥಟ್ಟನೆ ಅವನತ್ತ ತಿರುಗಿದಳು.

"ಚಾಚಾ... ಕೈ ಬಿಟ್ಟದ್ದು ಚೆಂಡಾ?"

"ಮತ್ತೇನವ್ವಾ? ಗೋಲ್‌ಕೀಪರ್ ಮತ್ತೇನು ಕೈ ಬಿಡ್ತಾನ?"

ಅಯ್ಯೋ! ನಗಬೇಕೋ, ಬಸ್ಸಿನಿಂದ ಜಿಗಿಯಬೇಕೋ ಅವಳಿಗೆ ತಿಳಿಯಲಿಲ್ಲ.

"ನನ್ನ ಮಾತು ಹೇಳಿದ್ರೋ ಇಲ್ಲೋ?"

"ಹೇಳ್ದೆನಲ್ಲ! ಆಟ ಸುರು ಆಗೂಕಿಂತ ಮದ್ಲೇ ಹೇಳ್ದೆ. ಗೆದ್ದ ಮ್ಯಾಲ ಮಂದ್ಯಾಗ ಸಿಗೂದಿಲ್ಲ ಅಂತ. ಪಾಪ, ಮಾರಿ ಸಣ್ಣದಾತು ಅವಂದು. ಸೋತ ಮ್ಯಾಲ ಯಾರಿಗೂ ಸಿಗಲಿಲ್ಲ. ತಮ್ಮೂರು ಹುಡಗ್ಯಾಗ ಅಕ್ಕನ ಮನ್ಯಾಗ ಅದಾನಂತ."

ಆಟಕ್ಕಿಂತ ಮೊದಲು! ಅಂದರೆ ಆ ಚೆಂಡು ಜಾರಿದ್ದು ತನ್ನ ಮಾತಿನಿಂದಲೇ... ಮತ್ತು ತಾನು? ಬಸ್ಸು ಒಂದೇ ಸಮನೆ ಹುಮನಾಬಾದಿನತ್ತ ಓಡುತ್ತಿತ್ತು. ಅದು ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಅವಳು ಬೇಡಿಕೊಂಡಳು. ದಿನವೂ ಕೆಡುವ ಬಸ್ಸು ಅಂದು ಸರಿಯಾದ ಹೊತ್ತಿಗೆ ತಲುಪಿತು!

ಯಶೋದಾಬಾಯಿಯ ಪಡಸಾಲೆ ತುಂಬಿತ್ತು. ಸೂರ್ಯಕಾಂತ ಹೊಸ ಟೋಪಿ ಹಾಕಿ ಕೂತಿದ್ದ. ತಟ್ಟೆಯಲ್ಲಿ ಸಕ್ಕರೆಯ ಪೊಟ್ಟಣ, ಕುಂಕುಮ, ಹಸಿರು ಸೀರೆ. ಅತ್ತೆ ಕುಂಕುಮಕ್ಕೆ ಬೆರಳು ಅದ್ದಿದಳು.

"ನಿಲ್ಲಸ್ರಿ ಅತ್ತಿ."

ದ್ರೌಪತಿ ಅತ್ತೆಯ ಕೈ ಸರಿಸಿದಳು. ಎದ್ದು ನಿಂತಳು.

"ನಾ ಸಿಟ್ಟಿನ್ಯಾಗ ಹೂಂ ಅಂದಿದ್ದೆ ಅಪ್ಪಾ. ತಪ್ಪು ತಿಳ್ಕೊಂಡು ಅಂದಿದ್ದೆ. ನನ್ನ ಮನಸ್ಸು ಮಚ್ಚೇಂದ್ರನ ಮ್ಯಾಲ ಅದ. ಸುಳ್ಳು ಹೇಳಿ ಇವರ ಮನಿ ಸೇರಾಕ ನನಗಾಗೂದಿಲ್ಲ."

ದತ್ತಾತ್ರಿಯ ಮುಖ ಕೆಂಪಾಯಿತು. "ಆ ಚೆಂಡಿನವನ ಮ್ಯಾಲ? ಎಲ್ಲಿ ಅದಾನವ? ಒಂದು ದಿನರೆ ನನ್ನ ಮುಂದ ಬಾಯಿ ತೆರದು ಕೇಳ್ಯಾನೇನು? ಯಾರನ್ನ ನಂಬಿ ನಿಂತೀ ನೀ?"

ಅವನು ಕೇಳಿರಲಿಲ್ಲ, ಅದು ನಿಜ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ... ಭೂಮಿ ಬಾಯಿ ಬಿಡಬಾರದೇ!

ಆಗ ಬಾಗಿಲಲ್ಲಿ ನೆರಳು ಕಂಡಿತು.

ಮಚ್ಚೇಂದ್ರ! ಮೊಣಕಾಲಿನವರೆಗೆ ಧೂಳು, ಗಡ್ಡ ಬೆಳೆದಿದೆ, ಕಣ್ಣು ಒಳಗೆ ಹೋಗಿವೆ. ಕಲ್ಯಾಣಿಯ ಬಸ್ಸು ಹಿಡಿಯಲು ಹುಡಗಿ ಊರಿಂದ ಹುಮನಾಬಾದಿಗೆ ನಡೆದು ಬಂದವನಿಗೆ ನಿಲ್ದಾಣದಲ್ಲಿ ಅಲ್ಲಾಬಕ್ಷ ಸಿಕ್ಕು, ಇಲ್ಲಿಗೆ ಅಟ್ಟಿದ್ದ. ಸಕ್ಕರೆಯ ತಟ್ಟೆ ನೋಡಿ ಅವನ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ ನಿಂತುಬಿಟ್ಟಿತು.

ದ್ರೌಪತಿಗೆ ಅಳು, ಸಿಟ್ಟು ಒಟ್ಟಿಗೇ ಬಂತು.

"ಒಳಗ ಬರ್ರಿ, ಇಲ್ಲಾ ಹೋಗ್ರಿ! ನಡೂಕ ಮಾತ್ರ ನಿಂದರಬ್ಯಾಡ್ರಿ!"

ಅವನು ಒಳಗೆ ಬಂದ. ನೇರ ದತ್ತಾತ್ರಿಯ ಮುಂದೆ ಬಂದು ಕೂತ.

"ನಿಮ್ಮ ಮಗಳನ್ನ ಕೇಳಾಕ ಬಂದೇನ್ರಿ. ಎಂದೋ ಬರಬೇಕಾಗಿತ್ತು. ಧೈರ್ಯ ಸಾಲಲಿಲ್ಲ."

"ಸೋತು ಬಂದೀ. ನಾಳಿ ಪಗಾರ ನಿಂತ್ರ?"

"ಹೊಲ ಅದರಿ. ನಿಮ್ಮ ಕಸಬು ಕಲಸಿದ್ರ ಕಲೀತೇನಿ. ಆಟ ಬಿಡಾಂಗಿಲ್ಲ, ಬರೂ ಹಂಗಾಮಿಗೆ ಮತ್ತ ನಿಂದರ್ತೇನಿ." ಅವನು ದ್ರೌಪತಿಯತ್ತ ನೋಡಿದ. "ಇಕಿನ್ನೂ ಬಿಡಾಂಗಿಲ್ರಿ."

ಆಗ ಎದ್ದವನು ಸೂರ್ಯಕಾಂತ. ಅವನ ಮುಖ ಬಿಳುಪೇರಿತ್ತು, ಆದರೂ ಪೊಟ್ಟಣ ಎತ್ತಿ ದತ್ತಾತ್ರಿಯ ಕೈಗಿಟ್ಟ.

"ಮನಸ್ಸಿಲ್ಲದಾಕಿನ್ನ ಒಯ್ದು ನಾ ಏನ್ ಮಾಡ್ಲಿ ಕಾಕಾ? ಸಕ್ಕರಿ ತಂದದ್ದು ತಂದಾಗ್ಯದ. ಹಂಚಿಬಿಡ್ರಿ."

ದತ್ತಾತ್ರಿ ಪೊಟ್ಟಣ ನೋಡಿದ, ಮಗಳನ್ನು ನೋಡಿದ. ಅವಳ ಕಣ್ಣೀರಿಗೆ ಅವನ ಸಿಟ್ಟು ಕರಗಿತು. ಮೊದಲ ಚಿಟಿಕೆಯನ್ನು ಮಚ್ಚೇಂದ್ರನ ಅಂಗೈಗೆ ಹಾಕಿ, "ಇದನ್ನರೆ ಚೆಲ್ಲಬ್ಯಾಡಪ್ಪ," ಎಂದ.

ಸಂಜೆಗೆ, ಹಿತ್ತಲ ಕಟ್ಟೆಯ ಮೇಲೆ ಇಬ್ಬರೇ ಕೂತರು.

"ಏಕಾಏಕಿ ಧೈರ್ಯ ಎಲ್ಲಿಂದ ಬಂತ್ರಿ?" ಎಂದಳು ದ್ರೌಪತಿ.

"ಉಸ್ತಾದರು ಕೊಟ್ರು. ಅವರು ಸ್ಪೇನ್ ದೇಶದಾಗಿನ ಬಾಸ್ಕ್ ಸೀಮ್ಯಾವರು. ಅಲ್ಲಿ ಪಗಾರಿ ಗೋಲ್‌ಕೀಪರ್ ಆಗಿದ್ರಂತ. ಕೈಯಾಗ ಒಂದು ಬೆರಳೂ ನೆಟ್ಟಗಿಲ್ಲ ನೋಡು, ಅಷ್ಟು ಚೆಂಡು ಹಿಡದಾರ. ಸೋತ ದಿನ ಅವರು ನನ್ನ ಬೈಲಿಲ್ಲ. ಬಾಜೂಕ ಕೂತು ತಮ್ಮ ಮಾತು ಹೇಳಿದ್ರು. ಅವರಿಗೂ ಒಬ್ಬ ಹುಡುಗಿ ಇದ್ಳಂತ, ಬಂದರದ ಊರಾಗ. ಇನ್ನೊಂದು ಹಂಗಾಮು, ಇನ್ನೊಂದು ಹಂಗಾಮು ಅಂತ ಹೇಳಕೋತ ಹೋದ್ರಂತ..."

"ಆಮ್ಯಾಲ?"

"ಯುದ್ಧ ಬಂತು. ಊರು ಸುಟ್ಟು ಹೋತು. ಹುಡುಕಿದ್ರು, ಸಿಗಲಿಲ್ಲ. ಹಡಗು ಹತ್ತಿ ಮುಂಬೈಗೆ ಬಂದ್ರು, ಅಲ್ಲಿಂದ ನಮ್ಮ ಗಿರಣಿಗೆ. 'ಗೋಲ್‌ಕೀಪರ್ ಗೆರಿ ಮ್ಯಾಲರೆ ನಿಂದರಬೇಕು, ಇಲ್ಲಾ ಪೂರಾ ಮುಂದ ಬರಬೇಕು. ನಡೂಕ ನಿಂತವ ಎಲ್ಲಾ ಕಳ್ಕೋತಾನ' ಅಂದ್ರು. ಅಷ್ಟು ಹೇಳಿ ಮಾರಿ ಆ ಕಡಿ ತಿರುಗಿಸ್ಕೊಂಡ್ರು."

ಕಾಣದ ಆ ಊರಿನ, ಕಾಣದ ಆ ಹುಡುಗಿಗಾಗಿ ದ್ರೌಪತಿಯ ಕಣ್ಣು ತುಂಬಿದವು.

"ಅವರ ಹೆಸರೇನ್ರಿ?"

"ಇನ್ಯಾಕಿ."

"ಇನ್ಯಾಕ?"

"ಇನ್ಯಾಕಿ! ಅವರ ಸೀಮ್ಯಾಗ ಹಂಗ ಹೆಸರಿಡ್ತಾರ." ಮಚ್ಚೇಂದ್ರ ನಕ್ಕ. ಆಮೇಲೆ ಅವಳ ಹತ್ತಿರ ಸರಿದು, ಅಳುಕುತ್ತಲೇ ಕೇಳಿದ, "ದ್ರೌಪತಿ... ನಿಮ್ಮಪ್ಪ ಮದುವಿ ಯಾವಾಗ ಅಂತ ಕೇಳಾಕತ್ತಾರ. ಬರೂ ಹಂಗಾಮು ಮುಗದ ಮ್ಯಾಲ...?"

ಅವಳು ಅವನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ನಿಮ್ಮ ಉಸ್ತಾದರ ಹೆಸರು ನನ್ನ ಬಾಯಾಗ ಇನ್ನೂ ಸರಿ ಬರವಲ್ದು ರೀ," ಎಂದಳು. "ನನಗ ಬರೂದು ಇಷ್ಟೇ... ಇನ್ಯಾಕ ತಡ?"