ಅಳುಕುಪಟ್ಟಿ

ಇಬ್ಬನಿ ಬಾರಕೇರ ರೋಗಿಯ ಹೊಟ್ಟೆಯ ಮೇಲಿಟ್ಟಿದ್ದ ಕೈ ತೆಗೆದಳು, ಏನೋ ನೆನಪಾದವಳಂತೆ ಮತ್ತೆ ಅಲ್ಲೇ ಇಟ್ಟಳು. ಅಷ್ಟಕ್ಕೇ ಅವಳ ಹಣೆಗೆ ಕಟ್ಟಿದ್ದ ಪಟ್ಟಿಯ ದೀಪ ಹಸಿರಿನಿಂದ ಹಳದಿಗೆ ಹೊರಳಿತು. ಅವಳು ಕೈಯನ್ನು ಇನ್ನೂ ಕೆಳಗೆ, ತೊಡೆಸಂದಿಯ ಕಡೆಗೆ ಜಾರಿಸಿ, ಕಣ್ಣು ಮುಚ್ಚಿ ನಿಂತಳು. ದೀಪ ಕೆಂಪಾಯಿತು.

ಗಾಜಿನ ಆಚೆ ನಿಂತು ನೋಡುತ್ತಿದ್ದ ವಾಮದೇವ ಕುಂಚೂರು ಉಸಿರು ಬಿಟ್ಟ. ಅದು ಆ ಹುಡುಗಿಯ ಮೂರನೇ ಕೆಂಪು. ಮೂರು ಕೆಂಪು ಬಿದ್ದವರು ಕಾಲೇಜಿನಿಂದ ವಜಾ. ಆ ನಿಯಮ ಹುಟ್ಟಿದ್ದೇ ಅವನು ಕಂಡುಹಿಡಿದ ಈ ಪಟ್ಟಿಯಿಂದ.

2061ರ ಮಾತು ಇದು. ಹರಿಹರದ ಹೊಳೆದಂಡೆಯ ವೈದ್ಯಕೀಯ ಕಾಲೇಜಿನಲ್ಲಿ ಅವತ್ತು ಕೊನೆಯ ವರ್ಷದವರ ತೇರ್ಗಡೆ ಪರೀಕ್ಷೆ. ಅಳುಕುಪಟ್ಟಿ ನೋಡಲಿಕ್ಕೆ ಏನೂ ಅಲ್ಲ, ಆಟಗಾರರು ಬೆವರು ಇಳಿಯದಿರಲಿ ಅಂತ ಕಟ್ಟಿಕೊಳ್ಳುತ್ತಾರಲ್ಲ, ಅಂಥ ಬಟ್ಟೆ. ಒಳಗೆ ಕೂದಲಿಗಿಂತ ತೆಳುವಾದ ತಂತಿಗಳು. ಮನಸ್ಸು ಎರಡು ತೀರ್ಮಾನಗಳ ನಡುವೆ ಜೋಲಿ ಹೊಡೆಯುವಾಗ ಮಿದುಳಿನ ಮುಂಭಾಗದಲ್ಲಿ ವಿದ್ಯುತ್ತಿನ ಒಂದು ಪುಟ್ಟ ಅಲೆ ಏಳುತ್ತದೆ. ಅದು ಎಷ್ಟು ಎತ್ತರ ಎದ್ದಿತು, ಎಷ್ಟು ಹೊತ್ತು ನಿಂತಿತು ಎಂದು ತಂತಿಗಳು ಅಳೆದು ದೀಪಕ್ಕೆ ಹೇಳುತ್ತವೆ. ಇಷ್ಟೇ. ಯಾರು ಎಷ್ಟು ಓದಿದ್ದಾರೆ ಎಂದು ತಿಳಿಯಲು ಮೊದಲಿಂದಲೂ ಪರೀಕ್ಷೆಗಳಿದ್ದವು. ರೋಗಿ ಕೈಗೆ ಸಿಕ್ಕಾಗ ಯಾರು ತಡಬಡಾಯಿಸುತ್ತಾರೆ ಎಂದು ತಿಳಿಯಲು ಏನೂ ಇರಲಿಲ್ಲ. ತುರ್ತು ಚಿಕಿತ್ಸೆಯ ಕೋಣೆಗಳಲ್ಲಿ ಎಳೆಯ ಡಾಕ್ಟರುಗಳು ಹಿಂದೆಮುಂದೆ ನೋಡುತ್ತ ನಿಂತದ್ದಕ್ಕೇ ಜನ ಸಾಯುತ್ತಿದ್ದಾರೆ ಎಂದು ಎಲ್ಲರೂ ಬೊಬ್ಬೆ ಹೊಡೆಯುತ್ತಿದ್ದ ಕಾಲದಲ್ಲಿ ವಾಮದೇವ ಇದನ್ನು ತಂದ. ಸರಕಾರ ಎರಡೂ ಕೈಯಲ್ಲಿ ಬಾಚಿಕೊಂಡಿತು.

ಹುಡುಗರು ಪಟ್ಟಿಗೆ ‘ಅತ್ತೆ’ ಎಂದು ಹೆಸರಿಟ್ಟಿದ್ದರು, ತಲೆಯ ಮೇಲೆ ಕೂತು ತಪ್ಪು ಹುಡುಕುತ್ತದೆ ಅಂತ. ದಾವಣಗೆರೆಯಲ್ಲಿ ಅಳುಕು ಬಿಡಿಸುವ ಕೋಚಿಂಗ್ ಸೆಂಟರುಗಳು ಬೀದಿಗೊಂದು ಎದ್ದಿದ್ದವು. ಹಾಸ್ಟೆಲಿನ ಕ್ಯಾಂಟೀನಿನಲ್ಲಿ ಬೆಣ್ಣೆ ದೋಸೆಯೋ ಖಾಲಿ ದೋಸೆಯೋ ಎಂದು ಕೇಳಿ ಮುಗಿಯುವಷ್ಟರಲ್ಲಿ ಉತ್ತರ ಬರಬೇಕು. ಯಾರಾದರೂ ಒಂದು ಗಳಿಗೆ ಯೋಚಿಸಿದರೆ ಉಳಿದವರು ಮೇಜು ಬಡಿದು ಕೆಂಪು, ಕೆಂಪು ಎಂದು ಕೂಗುತ್ತಿದ್ದರು. ಒಮ್ಮೆ ಹೇಳಿದ್ದನ್ನು ಬದಲಾಯಿಸುವ ಹಾಗಿಲ್ಲ. ಹೀಗಾಗಿ ಖಾಲಿ ದೋಸೆ ಬೇಡವಾಗಿದ್ದವರೂ ಖಾಲಿ ದೋಸೆಯನ್ನೇ ತಿಂದು ಏಳುತ್ತಿದ್ದರು.

ಇಬ್ಬನಿ ಪರೀಕ್ಷಿಸಿದ ರೋಗಿ ರಾಣೆಬೆನ್ನೂರಿನ ಬಸ್ ಕಂಡಕ್ಟರ್ ಒಬ್ಬಾಕೆ. ಹೊಟ್ಟೆಯ ಬಲಗಡೆ ಕೆಳಗೆ ನೋವು, ವಾಂತಿ. ಇಬ್ಬನಿಗಿಂತ ಮುಂಚೆ ಒಳಗೆ ಹೋದ ಐವರೂ ಅಪೆಂಡಿಕ್ಸ್ ಎಂದು ಥಟ್ಟನೆ ಹೇಳಿ, ಹಸಿರು ದೀಪ ಹೊತ್ತುಕೊಂಡು ಹೊರಗೆ ಬಂದಿದ್ದರು. ದಾಖಲು ಮಾಡಿಕೊಂಡ ಡಾಕ್ಟರೂ ಅದನ್ನೇ ಹೇಳಿದ್ದರು. ಇಬ್ಬನಿಗೆ ಮಾತ್ರ ಎರಡನೇ ಸಲ ಮುಟ್ಟಿದಾಗ ತೊಡೆಸಂದಿಯ ಮಡಿಕೆಯಲ್ಲಿ ಗೋಲಿಯಷ್ಟು ದೊಡ್ಡದೊಂದು ಗಂಟು ಸಿಕ್ಕಿತು. ಕರುಳಿನ ತುಂಡೊಂದು ಸಂದಿಯಲ್ಲಿ ತೂರಿ ಸಿಕ್ಕಿಹಾಕಿಕೊಂಡಿದೆ, ಹಾಗೇ ಬಿಟ್ಟರೆ ಕೊಳೆಯುತ್ತದೆ ಎಂದಳು. ಮಧ್ಯಾಹ್ನ ಆಪರೇಷನ್ ಮಾಡಿದವರಿಗೆ ಕಂಡದ್ದೂ ಅದೇ.

ಸೋಮವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಸಮಿತಿ ಕೂತಿತು. ಪ್ರಿನ್ಸಿಪಾಲ್ ಡಾ. ಸಹನಾ ಬೆಳ್ಳೂಡಿ, ಇಬ್ಬರು ಪ್ರೊಫೆಸರುಗಳು, ವಾಮದೇವ. ಯಂತ್ರ ಸರಿಯಾಗಿ ಅಳೆದಿದೆ ಎಂದು ವಾಮದೇವ ಹೇಳಿದರೆ ಹುಡುಗಿಯ ಓದು ಅಲ್ಲಿಗೆ ಮುಗಿಯುತ್ತದೆ. ಇಲ್ಲ ಎಂದರೆ ಉಳಿಯುತ್ತದೆ. ಉಳಿದವರ ಮಾತು ಬರೀ ಶಾಸ್ತ್ರಕ್ಕೆ.

ಒಬ್ಬ ಪ್ರೊಫೆಸರು ಶುರುಮಾಡಿದರು: ಉತ್ತರ ಸರಿ ಇತ್ತು, ಅದಕ್ಕೆ ಅಂಕ ಕೊಟ್ಟಾಗಿದೆ, ಈಗಿನ ಪ್ರಶ್ನೆ ಉತ್ತರದ್ದಲ್ಲ, ಅಳುಕಿನದು. ಇವತ್ತು ಗಂಟು ಸಿಕ್ಕಿತು, ನಾಳೆ ರಕ್ತ ಸುರಿಯುತ್ತಿರುವವನ ಮುಂದೆ ಹೀಗೇ ಕಣ್ಣು ಮುಚ್ಚಿ ನಿಂತರೆ? ಅವರ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವರು ನಿಜವಾಗಿಯೂ ಹೆದರಿದ್ದರು.

ಸಹನಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎದುರಿಗಿದ್ದ ಇಬ್ಬನಿಯ ಕಡೆ ತಿರುಗಿದರು. "ಏನಮ್ಮ, ಒಂದು ಸಲ ಮುಟ್ಟಿದ ಮೇಲೆ ಮತ್ತೆ ಯಾಕೆ ಮುಟ್ಟಿದೆ?"

ಇಬ್ಬನಿ ಕೊಪ್ಪಳದ ಕಡೆಯವಳು. ಸೆರಗಿಲ್ಲದ ಕೈಗೆ ಸೆರಗು ಹುಡುಕುವವಳಂತೆ ಏಪ್ರನ್ನಿನ ಅಂಚು ಹಿಡಿದು ನಿಂತಿದ್ದಳು.

"ನಾ ಒಬ್ಬಾಕೀನ ಇದ್ದೆ ರೀ ಮೇಡಂ. ಕೇಳೂದಕ್ಕ ಬಾಜೂಕ ಯಾರೂ ಇರಲಿಲ್ಲ. ಅದಕ್ಕ ನನ್ನನ್ನ ನಾನ ಕೇಳಿದೆ."

ಪ್ರೊಫೆಸರುಗಳು ಇದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ವಾಮದೇವನ ಕೈಯಲ್ಲಿದ್ದ ಟೀ ಲೋಟ ಮಾತ್ರ ಅರ್ಧದಾರಿಯಲ್ಲಿ ನಿಂತಿತು.

ಯಾವ ಅಳತೆಗೂ ಒಂದು ಮಟ್ಟ ಬೇಕು. ಎಷ್ಟು ಅಳುಕಿದರೆ ಸರಿ, ಎಷ್ಟಾದರೆ ಹೆಚ್ಚು ಎಂದು ಗೊತ್ತುಮಾಡಲು ವಾಮದೇವ ಹತ್ತು ವರ್ಷದ ಹಿಂದೆ ರಾಜ್ಯದ ಅತಿ ಹೆಸರುವಾಸಿ ದೊಡ್ಡ ಡಾಕ್ಟರುಗಳ ಹಣೆಗೆ ಪಟ್ಟಿ ಕಟ್ಟಿದ್ದ. ಅವರಿಗೆ ಬಿಡುವು ಸಿಗುತ್ತಿದ್ದುದು ಬೆಳಗಿನ ರೌಂಡ್ಸಿನಲ್ಲಿ, ಹಿಂದೆ ಹಿಂಡು ಕಟ್ಟಿಕೊಂಡು ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ನಡೆಯುವಾಗ. ಅಲ್ಲೇ ಅಳೆದ. ಯಾರ ಅಲೆಯೂ ಏಳಲೇ ಇಲ್ಲ. ಒಳ್ಳೆಯ ಡಾಕ್ಟರು ಅಳುಕುವುದಿಲ್ಲ ಎಂದು ಅವನು ತೀರ್ಮಾನಿಸಿದ, ಮಟ್ಟವನ್ನು ಅಲ್ಲಿ ಕೂರಿಸಿದ.

ಆದರೆ ಆ ದೊಡ್ಡವರು ಬರುವ ಮುಂಚೆ ಹೌಸ್ ಸರ್ಜನ್ನುಗಳು ಅದೇ ಹೊಟ್ಟೆಯನ್ನು ಮುಟ್ಟಿ, ಸಂಶಯಪಟ್ಟು, ಪಕ್ಕದವನನ್ನು ಕರೆತಂದು, ಜಗಳವಾಡಿ, ಮತ್ತೆ ಮುಟ್ಟಿ ಆಗಿರುತ್ತಿತ್ತು. ಸಣ್ಣವರು ಕುದಿಸಿ ಸೋಸಿ ಲೋಟಕ್ಕೆ ಹಾಕಿಟ್ಟ ಕಾಫಿಯನ್ನು ದೊಡ್ಡವರು ಬಂದು ಕುಡಿಯುತ್ತಿದ್ದರು, ಅಷ್ಟೇ. ಅವರ ಅಳುಕನ್ನು ಬೇರೆಯವರು ಅಳುಕಿರುತ್ತಿದ್ದರು. ಇಬ್ಬನಿಯ ಹಾಗೆ ಅವರಲ್ಲಿ ಯಾರೂ ಒಬ್ಬರೇ ಇರಲಿಲ್ಲ.

ವಾಮದೇವ ಹುಡುಗಿಯನ್ನು ಹೊರಗೆ ಕೂರಲು ಹೇಳಿದ. ಪ್ರೊಫೆಸರುಗಳನ್ನೂ ಟೀಗೆ ಕಳಿಸಿ, ಸಹನಾ ಮೇಡಂ ಒಬ್ಬರ ಮುಂದೆ ಇದನ್ನೆಲ್ಲ ಬಿಡಿಸಿ ಹೇಳಿದ. ಅವರು ಕೇಳಿಸಿಕೊಂಡು ಕಿಟಕಿಯಾಚೆಯ ಹೊಳೆಯ ಕಡೆ ತಿರುಗಿದರು.

"ನಾನೇ ಅನಾಟಮಿಲಿ ತಡಬಡಾಯಿಸಿ ಎರಡು ಸಲ ಡುಮ್ಕಿ ಹೊಡೆದೋಳು ಕಣ್ರಿ," ಅಂದರು. "ನಿಮ್ಮ ಪಟ್ಟಿ ಆಗ ಇದ್ದಿದ್ರೆ ಇಷ್ಟೊತ್ತಿಗೆ ನಮ್ಮಪ್ಪನ ಮಂಡಕ್ಕಿ ಭಟ್ಟೀಲಿ ಇರ್ತಿದ್ದೆ. ಅದಿರಲಿ. ಈಗ ನೀವು ಇದನ್ನ ಹೇಳಿದ್ರೆ ಏನಾಗುತ್ತೆ ಹೇಳಿ. ಹತ್ತು ವರ್ಷದಿಂದ ಹೊರಗೆ ಹಾಕಿದ ಹುಡುಗರೆಲ್ಲ ನಾಳೆ ಗೇಟಿನ ಮುಂದೆ ಕೂತ್ಕೋತಾರೆ. ಅವರಿಗೆ ಏನಂತ ಹೇಳ್ತೀರಿ?"

"ತಪ್ಪಾಯ್ತು ಅಂತ."

"ಹೇಳ್ತೀರಾ?"

ಅವನು ಹೂಂ ಅನ್ನಬೇಕಿತ್ತು. ಬಾಯಿ ತೆರೆದ. ಆಗ ಅವನ ಕಣ್ಣ ಮುಂದೆ ಬಂದದ್ದು ಇಬ್ಬನಿಯಲ್ಲ, ಎಲ್ಲ ರಾಜ್ಯಗಳಿಗೂ ಪಟ್ಟಿ ಕೊಡುವ ಬಗ್ಗೆ ದೆಹಲಿಯಲ್ಲಿ ಮುಂದಿನ ತಿಂಗಳು ಇದ್ದ ಸಭೆ. ಮೊದಲು ಹೊಸದಾಗಿ ಅಳೆದು ನೋಡುತ್ತೇನೆ, ಗೊತ್ತಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಸರಿಮಾಡೋಣ, ಸದ್ಯಕ್ಕೆ ನಿಯಮ ನಿಯಮವೇ ಅಂದ. ಹೇಳುವಾಗ ಅವನಿಗೇ ಆಶ್ಚರ್ಯವಾಗುವ ಹಾಗೆ ಮಾತು ಒಂದೂ ಎಡವದೆ ಬಂತು. ಅವನ ಹಣೆಗೆ ಪಟ್ಟಿ ಕಟ್ಟಿದ್ದರೆ ಹಸಿರು ತೋರಿಸುತ್ತಿತ್ತು.

ಸಹನಾ ಮೇಡಂ ಕನ್ನಡಕ ಹಾಕಿಕೊಂಡು ಎಲ್ಲರನ್ನೂ ಒಳಗೆ ಕರೆದರು.

ಯಂತ್ರ ಸರಿಯಾಗಿ ಅಳೆದಿದೆ ಎಂದು ವಾಮದೇವ ಹೇಳಿದ. ಇಬ್ಬನಿ ಒಂದು ಕ್ಷಣ ಅವನನ್ನೇ ನೋಡಿದಳು. ಅಳುತ್ತಾಳೆ ಅಂದುಕೊಂಡಿದ್ದರು, ಅಳಲಿಲ್ಲ. ಜೇಬಿನಿಂದ ತನ್ನ ಪಟ್ಟಿ ತೆಗೆದು, ಮಡಿಸಿ, ಮೇಜಿನ ತುದಿಗೆ ಇಟ್ಟಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಆ ಕಂಡಕ್ಟರ್ ಅಕ್ಕ ಹೆಂಗದಾಳ್ರಿ ಮೇಡಂ?"

"ಚೆನ್ನಾಗಿದಾರಮ್ಮ. ನಿನ್ನೆಯಿಂದ ಗಂಜಿ ಕುಡೀತಿದಾರೆ."

"ಹಂಗಾದ್ರ ಆತು ಬಿಡ್ರಿ," ಅಂದಳು. ಹೋದಳು.

ಹೊಸ ಅಳತೆಯನ್ನು ವಾಮದೇವ ಮುಂದಿನ ವರ್ಷಕ್ಕೆ ಹಾಕಿದ. ಮುಂದಿನ ವರ್ಷ ಪ್ರಶಸ್ತಿ ಬಂತು. ಅದರ ಮುಂದಿನ ವರ್ಷ ಪಟ್ಟಿ ಹದಿನಾಲ್ಕು ರಾಜ್ಯಗಳಿಗೆ ಹೋಯಿತು, ಪರೀಕ್ಷೆಯ ಕೋಣೆ ದಾಟಿ ವಾರ್ಡಿನ ಡಾಕ್ಟರುಗಳ ಹಣೆಗೂ ಬಂತು. ಆಮೇಲೆ ಹೇಳುವುದಕ್ಕೆ ನಾಚಿಕೆಯಾಯಿತು, ಇನ್ನೂ ಆಮೇಲೆ ಹೇಳಿದರೂ ಕೇಳುವವರು ಉಳಿಯಲಿಲ್ಲ. ಸಹನಾ ಮೇಡಂ ನಿವೃತ್ತರಾಗಿ ತೀರಿಕೊಂಡರು.

2079. ವಾಮದೇವನಿಗೆ ಅರವತ್ತೆಂಟು. ಒಂದು ಬೆಳಗ್ಗೆ ಸೊಂಟದ ಎಡಗಡೆ ಹಿಡಿದ ನೋವು ತೊಡೆಯ ಕಡೆಗೆ ಇಳಿಯತೊಡಗಿತು. ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಮಲಗಿಸಿದರು. ಸ್ವಲ್ಪ ಹೊತ್ತಿಗೆ ರೌಂಡ್ಸ್ ಬಂತು. ಮುಂದೆ ದೊಡ್ಡ ಡಾಕ್ಟರು, ಹಿಂದೆ ಏಳೆಂಟು ಎಳೆಯ ಮುಖಗಳು, ಎಲ್ಲರ ಹಣೆಯಲ್ಲೂ ಪುಟ್ಟ ಹಸಿರು ದೀಪ. ಅವರಲ್ಲೇ ಚಿಕ್ಕವಳೊಬ್ಬಳು ಅವನ ಸೊಂಟ ಮುಟ್ಟಿ, ಬೆರಳು ಎತ್ತುವ ಮೊದಲೇ ಕಿಡ್ನಿಯಲ್ಲಿ ಕಲ್ಲು ಎಂದಳು. ಅವಳ ಮೇಲಿನವನು ಮುಟ್ಟದೆಯೇ ಹೌದು ಎಂದ. ಅವನ ಮೇಲಿನವರು ಹೌದು ಎಂದರು. ಮಾತು ಬಾಯಿಂದ ಬಾಯಿಗೆ ದಾಟಿ ದೊಡ್ಡ ಡಾಕ್ಟರ ಹತ್ತಿರ ಬರುವಷ್ಟರಲ್ಲಿ ಅದು ಸತ್ಯವಾಗಿಬಿಟ್ಟಿತ್ತು.

ದೊಡ್ಡ ಡಾಕ್ಟರಿಗೆ ಇವನ ಗುರುತು ಸಿಕ್ಕಿತು. "ಸರ್, ನೀವಾ? ನಾನು ಪ್ರಣೀತ್. ಹರಿಹರದಲ್ಲಿ ನಿಮ್ಮ ಪಟ್ಟಿ ಕಟ್ಕೊಂಡೇ ಪಾಸಾದೋನು."

ವಾಮದೇವನಿಗೂ ನೆನಪಾಯಿತು. ಅವತ್ತು ಅಪೆಂಡಿಕ್ಸ್ ಎಂದು ಹೇಳಿ ಹೊರಬಂದ ಐವರಲ್ಲಿ ಈತನೂ ಒಬ್ಬ.

ವಾಮದೇವ ಡಾಕ್ಟರಲ್ಲ, ಆದರೆ ಜೀವಮಾನವಿಡೀ ಡಾಕ್ಟರುಗಳ ನಡುವೆ ಓಡಾಡಿದವನು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡು ಸೋರತೊಡಗಿದಾಗ ನೋವು ಥೇಟು ಕಿಡ್ನಿ ಕಲ್ಲಿನ ವೇಷ ಹಾಕಿಕೊಂಡು ಬರುತ್ತದೆ, ಹೊಟ್ಟೆ ಮುಟ್ಟಿದರೆ ಬಡಿತ ಸಿಗುತ್ತದೆ, ತಡವಾದರೆ ಜೀವ ಹೋಗುತ್ತದೆ ಎಂದು ಯಾರೋ ಹೇಳಿದ್ದು ಅವನ ಕಿವಿಯಲ್ಲಿ ಉಳಿದಿತ್ತು.

"ಹೊಟ್ಟೆಯೊಳಗೆ ಏನೋ ಬಡಕೋತಾ ಇದೆ ಪ್ರಣೀತ್. ಎದೇಲಲ್ಲ, ಇಲ್ಲಿ, ಹೊಕ್ಕಳ ಮೇಲೆ. ನೀನೇ ಒಂದ್ಸಲ ಕೈ ಇಟ್ಟು ನೋಡಪ್ಪ."

ಪ್ರಣೀತನ ಕೈ ಮುಂದೆ ಬಂತು. ಬಂದದ್ದು ಗಾಳಿಯಲ್ಲೇ ನಿಂತಿತು. ಹಣೆಯ ದೀಪ ಒಂದು ಕ್ಷಣ, ಒಂದೇ ಒಂದು ಕ್ಷಣ, ಹಳದಿಯಾಯಿತು. ಹಿಂದಿದ್ದ ಎಳೆಯ ಕಣ್ಣುಗಳೆಲ್ಲ ಆ ದೀಪವನ್ನೇ ನೋಡಿದವು. ಅವನು ಕೈಯನ್ನು ಜೇಬಿಗೆ ಹಾಕಿಕೊಂಡ. ದೀಪ ಹಸಿರಾಯಿತು.

"ಕಲ್ಲೇ ಸರ್. ನೋವಿಗೆ ಇಂಜೆಕ್ಷನ್ ಹಾಕಿಸ್ತೀನಿ, ಸಂಜೆಗೆ ಆರಾಮಾಗ್ತೀರಿ."

ಸ್ಕ್ಯಾನಿಂಗ್ ಯಂತ್ರ ಪಕ್ಕದ ಕೋಣೆಯಲ್ಲೇ ಇತ್ತು. ಬಟ್ಟೆ ಹೊದಿಸಿಟ್ಟಿದ್ದರು. ಸ್ಕ್ಯಾನ್ ಮಾಡಿಸಲು ಯಾರಾದರೂ ಸಂಶಯಪಡಬೇಕಲ್ಲ.

ಅವರೆಲ್ಲ ಮುಂದಿನ ಹಾಸಿಗೆಗೆ ಹೋದರು. ವಾಮದೇವನಿಗೆ ತಾನು ಹುಡುಗನಾಗಿದ್ದಾಗಿನ, 2020ರ ಆಚೀಚಿನ ಹರಪನಹಳ್ಳಿ ನೆನಪಾಯಿತು. ಪೇಟೆಯಲ್ಲಿ ಇಬ್ಬರು ಡಾಕ್ಟರಿದ್ದರು. ಒಬ್ಬರು ರೋಗಿ ಕುರ್ಚಿಯಲ್ಲಿ ಕೂರುವ ಮೊದಲೇ ಚೀಟಿ ಬರೆದುಕೊಡುತ್ತಿದ್ದರು; ಅವರ ಮನೆ ಮುಂದೆ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲ. ಇನ್ನೊಬ್ಬರು ಮುಟ್ಟಿ, ಕೇಳಿ, ಮತ್ತೆ ಮುಟ್ಟಿ, ತಾಳಿ ಇನ್ನೊಂದ್ಸಲ ನೋಡ್ತೀನಿ ಅನ್ನುತ್ತಿದ್ದರು. ಆವಯ್ಯನಿಗೆ ಏನೂ ಗೊತ್ತಾಗಲ್ಲ ಎಂದು ಅಪ್ಪ ಇವನನ್ನು ಎತ್ತಿಕೊಂಡು ಮೊದಲನೆಯವರ ಹತ್ತಿರವೇ ಓಡುತ್ತಿದ್ದ. ಊರಿಗೆ ಊರೇ ಓಡುತ್ತಿತ್ತು. ಪಟ್ಟಿ ಹೊಸದಾಗಿ ಏನನ್ನೂ ಕಲಿಸಿರಲಿಲ್ಲ. ಜನ ಆಗಲೇ ಆರಿಸಿಕೊಂಡಿದ್ದಕ್ಕೆ ಒಂದು ದೀಪ ಹಚ್ಚಿತ್ತು, ಅಷ್ಟೇ.

ವಾರ್ಡಿನ ತುಂಬ ಡಾಕ್ಟರುಗಳಿದ್ದರು. ಅವನು ಒಬ್ಬನೇ ಇದ್ದ. ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡ. ಕೆಳಗೆ ಏನೋ ಬಡಿಯಿತು. ಕೈ ತೆಗೆದ. ಮತ್ತೆ ಇಟ್ಟ.