ಚಿಂದಿಗೆ ಇನ್ನೊಂದು ಹೆಸರಿತ್ತು

"ಬಾಗಿಲು ತೆಗೀರಿ! ಬೇಗ ತೆಗೀರೀ...!"

ಯಾವ ಅಂಗಡಿಯ ಕಡೆ ತಲೆಯೆತ್ತಿಯೂ ನೋಡುವುದಿಲ್ಲ ಎಂದು ಶಪಥ ಮಾಡಿದ್ದಳೋ, ಅದೇ ಅಂಗಡಿಯ ಬಾಗಿಲನ್ನು ಅವಳು ಕಾಲಿನಿಂದ ಒದೆಯುತ್ತಿದ್ದಳು. ಕೈಗಳೆರಡೂ ಖಾಲಿಯಿರಲಿಲ್ಲ.

ವಾಚ್ ರಿಪೇರಿಯವನು ಜಗಳಕ್ಕೆ ಸಿದ್ಧನಾಗಿಯೇ ಬಾಗಿಲು ತೆರೆದ. ಅವಳ ಕೈಯಲ್ಲಿದ್ದ ಪರದೆ ಬಟ್ಟೆಯ ಗಂಟನ್ನು ನೋಡಿ ಅದರತ್ತ ಬಾಗಿದ.

ಗಂಟಿನೊಳಗೆ ಚಿಂದಿ ಇತ್ತು. ಅವಳ ಹೊಲಿಗೆಯಂಗಡಿಯ ಚಿಂದಿ ಬಟ್ಟೆಗಳ ರಾಶಿಯಲ್ಲಿ ಸಿಕ್ಕಿದ ಬೆಕ್ಕಿನ ಮರಿ, ಅದಕ್ಕೇ ಆ ಹೆಸರು. ಈಗ ಅದರ ಮುಖ ಊದಿ ಕಣ್ಣುಗಳು ಗೆರೆಯಂತಾಗಿದ್ದವು. ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು.

"ಇದಕ್ಕೆ ಈಗಷ್ಟೇ ವ್ಯಾಕ್ಸಿನ್ ಹಾಕಿಸ್ಕೊಂಡು ಬಂದೆ... ಬಂದ ತಕ್ಷಣ ವಾಂತಿ ಮಾಡ್ತು... ಆಮೇಲೆ ಹೀಗೆ! ನಿಮ್ಮ ಸ್ಕೂಟರ್..."

"ವ್ಯಾಕ್ಸಿನ್ನಾ?" ಅವನ ಮುಖ ಬಿಳುಚಿಕೊಂಡಿತು. ಕೀ ಹಿಡಿದು ಓಡಿದ.

ಪಕ್ಕಪಕ್ಕದ ಅಂಗಡಿಗಳು, ನಡುವೆ ಒಂದೇ ಗೋಡೆ. ಆದರೂ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ! ಚಿಂದಿ ಅವನ ಮೇಜಿಗೆ ಹಾರಿ, ಬಿಚ್ಚಿಟ್ಟ ವಾಚಿನ ತಿರುಪುಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿದ ದಿನ ಅವನು ಕೂಗಾಡಿದ್ದ. "ನನ್ನ ಬೆಕ್ಕಿನ ತಂಟೆಗೆ ಬಂದ್ರೆ ನೋಡಿ!" ಎಂದು ಅವಳು ಅದಕ್ಕಿಂತ ಜೋರಾಗಿ ಕೂಗಾಡಿದ್ದಳು. ಅಂದಿನಿಂದ ಮಾತು ಬಂದ್.

ಸ್ಕೂಟರಿನ ಹಿಂದೆ ಕುಳಿತವಳಿಗೆ ಮಡಿಲಿನ ಆ ಪುಟ್ಟ ಉಸಿರು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಬಂತು... ಬಂತು... ಈಗ ಬರಲಿಲ್ಲ. ಅಯ್ಯೋ! ...ಮತ್ತೆ ಬಂತು.

'ನಾನೇ ಕೊಂದುಬಿಟ್ಟೆನಾ? ಒಳ್ಳೇದಾಗಲಿ ಅಂತ ತಾನೇ ಹಾಕಿಸಿದ್ದು...'

ಕ್ಲಿನಿಕ್‌ನಲ್ಲಿ ವ್ಯಾಕ್ಸಿನ್ ಹಾಕಿದ್ದ ಡಾಕ್ಟರಮ್ಮ ನೋಡಿದವರೇ ಇಂಜೆಕ್ಷನ್ ಕೊಟ್ಟರು. ಮರಿಯ ಮೂತಿಗೆ ಆಮ್ಲಜನಕದ ಕೊಳವೆ ಹಿಡಿದರು.

"ಇದಕ್ಕೆ ಮುಂಚೆ ವ್ಯಾಕ್ಸಿನ್ ಹಾಕ್ಸಿದ್ರಾ ಅಂತ ಕೇಳಿದ್ದೆನಲ್ಲಮ್ಮ?"

"ಇಲ್ಲ ಡಾಕ್ಟ್ರೇ! ನನ್ನ ಬಿಟ್ರೆ ಇದಕ್ಕೆ ಯಾರಿದ್ದಾರೆ?" ಅವಳು ಬಾಗಿ ಕರೆದಳು. "ಚಿಂದೀ... ಚಿಂದಿಮರೀ..."

ಮರಿ ಮಿಸುಕಲಿಲ್ಲ.

ಆಗ ಬೆನ್ನ ಹಿಂದಿನಿಂದ ನಡುಗುವ ದನಿಯೊಂದು ಕೇಳಿಸಿತು. "ಸ್ಪ್ರಿಂಗೂ... ಏಯ್ ಸ್ಪ್ರಿಂಗೂ..."

ಮರಿಯ ಕಿವಿ ಅಲುಗಿತು.

ಅವಳು ಗಕ್ಕನೆ ತಿರುಗಿದಳು. ಅವನು ಅವಳನ್ನು ನೋಡದೆ ಡಾಕ್ಟರಿಗೆ ಹೇಳಿದ. "ಹಾಕ್ಸಿದ್ದೀನಿ ಡಾಕ್ಟ್ರೇ. ನಾನು. ಹೋದ ತಿಂಗಳು, ಬೇರೆ ಕಡೆ. ಆಗ್ಲೂ ತುಟಿ ಸ್ವಲ್ಪ ಊದಿತ್ತು. ಮುಂದಿನ ಸಲ ಮೊದ್ಲೇ ತಿಳಿಸ್ಬೇಕು ಅಂದಿದ್ರು."

"ಅಯ್ಯೋ ರಾಮ! ಇಬ್ರೂ ಹೊರಗಿರಿ," ಎಂದರು ಡಾಕ್ಟರಮ್ಮ.

ಹೊರಗಿನ ಬೆಂಚಿನ ಬಳಿ ಅವಳು ಸಿಡಿದಳು. "ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ದಿನಾ ಹೇಳೋಣ ಅಂತ ಬರ್ತಿದ್ದೆ. ನೀವು ಮುಖ ತಿರುಗಿಸ್ತಿದ್ರಿ, ನಾನು ವಾಪಸ್ ಹೋಗ್ತಿದ್ದೆ. ತಪ್ಪು ನಂದೇ ಕಣ್ರೀ. ಗೋಡೆ ತಟ್ಟಿಯಾದ್ರೂ ಹೇಳ್ಬೇಕಿತ್ತು."

"ನನ್ನ ಬೆಕ್ಕು ನಿಮ್ಮ ಹತ್ರ ಯಾಕೆ ಬರುತ್ತೆ?"

"ನೀವು ಪರದೆ ಅಳತೆಗೆ ಅಂತ ಹೋದಾಗೆಲ್ಲ ನನ್ನಂಗಡಿ ಕಿಟಕಿಯಿಂದ ಬರುತ್ತೆ. ನನ್ನ ಟೋಪಿಯೊಳಗೆ ವಾಚಿನ ಸ್ಪ್ರಿಂಗ್ ಥರ ಸುತ್ಕೊಂಡು ಮಲಗುತ್ತೆ. ನೀವು ವ್ಯಾಕ್ಸಿನ್ ಹಾಕ್ಸಿಲ್ಲ ಅಂದ್ಕೊಂಡು ನಾನೇ ಹಾಕ್ಸಿಬಿಟ್ಟೆ."

ಚಿಂದಿಯ ಮೈಯಿಂದ ಎಷ್ಟೋ ಸಲ ಎಣ್ಣೆಯ ವಾಸನೆ ಬರುತ್ತಿತ್ತು. ತನ್ನ ಹೊಲಿಗೆ ಮೆಷಿನ್ನಿನದೇ ಎಂದುಕೊಂಡಿದ್ದಳು ಪೆದ್ದಿ! ಅದು ಇವನ ಬೆರಳುಗಳದ್ದು.

ಬೈಯಬೇಕೆನಿಸಿತು. ಆದರೆ ಭಯ ಕೋಪವನ್ನೂ ನುಂಗಿಬಿಟ್ಟಿತ್ತು. "ಅದು ಹೋಗ್ಬಿಟ್ರೆ ನಾನೇನ್ರೀ ಮಾಡ್ಲಿ...?"

ಸಾಸಿವೆಗಿಂತ ಚಿಕ್ಕ ತಿರುಪನ್ನೂ ಅಲುಗದೆ ಹಿಡಿಯುವ ಅವನ ಕೈ ಅವಳತ್ತ ಚಾಚಿ ಅರ್ಧದಲ್ಲೇ ನಿಂತಿತು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮುಚ್ಚಿದ ಬಾಗಿಲನ್ನೇ ನೋಡುತ್ತ ಇಬ್ಬರೂ ಹಾಗೇ ಕುಳಿತರು.

ಕೊನೆಗೂ ಬಾಗಿಲು ತೆರೆಯಿತು.

"ಉಸಿರಾಟ ಸರಿಹೋಗ್ತಿದೆ. ಕತ್ತಲಾಗೋವರೆಗೂ ಇಲ್ಲೇ ಇರ್ಲಿ. ಮನೆಗೆ ಹೋದ್ಮೇಲೂ ಮೈಯೆಲ್ಲಾ ಕಣ್ಣಾಗಿರಿ, ಮತ್ತೆ ಊದಿದ್ರೆ ತಕ್ಷಣ ತನ್ನಿ. ಇನ್ಮೇಲೆ ನನ್ನ ಕೇಳದೆ ಯಾವ ವ್ಯಾಕ್ಸಿನ್ನೂ ಬೇಡ. ಆಮೇಲೆ... ನೀವಿಬ್ರೂ ಸ್ವಲ್ಪ ಮಾತಾಡ್ಕೊಳ್ರಪ್ಪಾ!"

ಇಬ್ಬರೂ ಒಳಗೆ ಹೋದಾಗ ಮೇಜಿನ ಮೇಲೆ ಚಿಂದಿ ಅರೆಗಣ್ಣು ತೆರೆದು ಸಣ್ಣಗೆ ಮಿಯಾಂವ್ ಎಂದಿತು. ಅವಳು ತಡೆದುಕೊಂಡಿದ್ದ ಅಳುವೆಲ್ಲ ಆಗ ಬಂತು.

"ಇವತ್ತು ನಂಗೊಬ್ಳಿಗೇ ನೋಡ್ಕೊಳ್ಳೋಕೆ ಭಯ ಆಗುತ್ತೆ," ಎಂದಳು ಮೂಗೊರೆಸಿಕೊಳ್ಳುತ್ತ.

"ನಾನಿರ್ತೀನಿ." ಅವನು ತಡವರಿಸಿದ. "ಒಂದ್ಮಾತು... ಆ ಕಿಟಕಿ ನಾನು ತೆಗೆದಿಡ್ತಿದ್ದಿದ್ದು ಬೆಕ್ಕಿಗೋಸ್ಕರ ಮಾತ್ರ ಅಲ್ಲ. ನಿಮ್ಮ ಮೆಷಿನ್ ಸದ್ದು ಕೇಳಿಸ್ಲಿಲ್ಲ ಅಂದ್ರೆ ನಂಗೆ ಕೆಲ್ಸಾನೇ ಓಡಲ್ಲ. ನಿಮ್ಮನ್ನ ಕಂಡ್ರೆ ಇಷ್ಟ ಕಣ್ರೀ... ತುಂಬಾ."

ಅವಳು ಮರಿಯ ತಲೆ ಸವರುತ್ತಲೇ ಇದ್ದಳು. ಕೆನ್ನೆ ಮಾತ್ರ ಕೆಂಪಾಗಿತ್ತು.

"ನಾಳೆಯೂ ತೆಗೆದಿಡ್ಲಾ... ಕಿಟಕಿ?"

"ಇಡಿ. ಚಿಂದಿಗೆ ಕಿಟಕಿ ಸಾಕು."

"ನಿಮಗೆ?"

"ನಂಗೆ ಬಾಗಿಲು ತೆಗೀರಿ. ಇನ್ಮೇಲೆ ಒದೆಯಲ್ಲ!"